ನೂರೈವತ್ತು ರೂಪಾಯಿಯ ತೋಪು



ಇವತ್ತು ರಾಜಕೀಯ ಬೇಡ. ಯಾರು ಯಾರ ಮನೆಗೆ ಊಟಕ್ಕೆ ಹೋದರು, ಯಾರು ದೆಹಲಿಗೆ ವಿಮಾನ ಹತ್ತಿದರು, ಅದೆಲ್ಲ ನಾಳೆಗಿರಲಿ. ಇವತ್ತು ಬಂದೂಕಿನ ವಿಷಯ ಮಾತಾಡ್ತೀನಿ. ಬಂದೂಕಿನ ರೇಟಿನ ವಿಷಯ.

ಬಂದೂಕು ಅಂದ ತಕ್ಷಣ, ಅದೂ ವಿಜಯಪುರ ಜಿಲ್ಲೆ ಅಂದ ತಕ್ಷಣ, ನಿಮ್ಮ ತಲೆಗೆ ಏನು ಬರುತ್ತೆ ಅಂತ ನನಗೆ ಗೊತ್ತು. ಭೀಮಾತೀರ. ಹಗೆ, ಹಾಡಹಗಲು ಗುಂಡು, ನಾಡ ಪಿಸ್ತೂಲು. ಆ ಪದವನ್ನ ನಿಮ್ಮ ತಲೆಗೆ ಹಾಕಿದವರಲ್ಲಿ ನಾವು ಚಾನೆಲ್‌ನವರೂ ಇದ್ದೀವಿ. ಇಂಡಿ ಅಂದರೆ ನಿಂಬೆಹಣ್ಣು ತೋರಿಸಬೇಕಿತ್ತು, ನಾವು ಪರದೆ ಮೇಲೆ ಪಿಸ್ತೂಲಿನ ಗ್ರಾಫಿಕ್ಸ್ ತಿರುಗಿಸಿದ್ವಿ. ಅದೇ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳೇ ವಾಡೆಗಳಲ್ಲಿ ಇನ್ನೊಂದು ಜಾತಿಯ ಬಂದೂಕುಗಳಿವೆ. ಲೈಸೆನ್ಸ್ ಇರುವಂಥವು. ಅಜ್ಜನ ಕಾಲದವು, ದಸರಾದಲ್ಲಿ ಕುಂಕುಮ ಹಚ್ಚಿಸಿಕೊಂಡು ವರ್ಷವಿಡೀ ಸುಮ್ಮನೆ ಕೂತಿರುವಂಥವು. ಅವುಗಳ ಬಗ್ಗೆ ಯಾರೂ ಕಾರ್ಯಕ್ರಮ ಮಾಡಲ್ಲ. ಅವುಗಳ ಯಜಮಾನರು ಈಗ ಒಬ್ಬೊಬ್ಬರಾಗಿ ತೀರಿಕೊಳ್ತಿದ್ದಾರೆ. ಮಕ್ಕಳಿಗೆ ಬಂದೂಕು ಬೇಡ. ಮಾರಬೇಕು. ಹೇಗೆ, ಯಾರಿಗೆ, ಎಷ್ಟಕ್ಕೆ?

ಈ ಪ್ರಶ್ನೆ ನನ್ನ ಕೈಗೆ ಬಂದದ್ದು ಸಿಂದಗಿಯಲ್ಲಿ. ಒಂದು ಕಾಲೇಜಿನ ಕಾರ್ಯಕ್ರಮಕ್ಕೆ ಹೋಗಿದ್ದೆ. ಭಾಷಣ ಮುಗೀತು, ಹಾರ ಹಾಕಿದರು, ಸೆಲ್ಫಿ ಆಯ್ತು. ಎಲ್ಲರೂ ಹೋದ ಮೇಲೆ ಒಬ್ಬರು ಹಿರಿಯರು ಉಳಿದುಕೊಂಡರು. ನಿವೃತ್ತ ಮೇಷ್ಟ್ರು. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ. ಅದರೊಳಗೆ ಒಂದು ಹಳೇ ಲೈಸೆನ್ಸ್ ಪುಸ್ತಕ, ಮೊಬೈಲಿನಿಂದ ಪ್ರಿಂಟ್ ಹಾಕಿಸಿದ ಆರೇಳು ಫೋಟೋ.

"ಸಾಹೇಬ್ರ, ನೀವು ಟಿವಿಯೊಳಗ ಎಲ್ಲಾರಿಗೂ ಪ್ರಶ್ನಾ ಕೇಳ್ತೀರಿ. ನನಗೊಂದು ಉತ್ತರ ಬೇಕಾಗೇದ" ಅಂದರು.

ಊರು ಇಂಡಿ ತಾಲ್ಲೂಕಿನ ಒಂದು ಹಳ್ಳಿ. ತಂದೆ ಊರ ಗೌಡರು, ನಾಲ್ಕು ತಿಂಗಳ ಹಿಂದೆ ಹೋಗಿಬಿಟ್ಟರು. ತಂಗಿ ಮುದ್ದೇಬಿಹಾಳಕ್ಕೆ ಕೊಟ್ಟಿದ್ದು. ತಮ್ಮ ಬಸವನ ಬಾಗೇವಾಡಿಯಲ್ಲಿ ಮನೆ ಮಾಡಿಕೊಂಡಿದ್ದಾನೆ. ವಾಡೆಯಲ್ಲಿ ಇರೋದು ಇಂಗ್ಲೆಂಡಿನ ಒಂದು ಜೋಡುನಳಿಗೆ, ಹನ್ನೆರಡು ಬೋರಿನದು. ಒಂದು ವೆಬ್ಲಿ ರಿವಾಲ್ವರ್, ಪಾಯಿಂಟ್ ಮೂವತ್ತೆರಡು. ಗೋಡೆಗೆ ತೂಗುಹಾಕಿದ ಒಂದು ಬಾಯಿ ಮೂಲಕ ಮದ್ದು ತುಂಬುವ ಕೋವಿ, ಯಾರ ಕಾಲದ್ದೋ. ಇನ್ನೊಂದು ಒಂಟಿನಳಿಗೆ ಇತ್ತಂತೆ. ಅದು 2020ರಲ್ಲೇ ಹೋಯ್ತು.

ಯಾಕೆ ಹೋಯ್ತು ಅಂತ ನಾನು ಕೇಳಲಿಲ್ಲ, ಯಾಕೆಂದರೆ ಗೊತ್ತಿತ್ತು. 2019ರ ಡಿಸೆಂಬರ್‌ನಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಬಂತು. ಅಲ್ಲಿಯವರೆಗೆ ಒಬ್ಬ ಮನುಷ್ಯ ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು, ಆಮೇಲೆ ಎರಡೇ. ಮೂರನೆಯದನ್ನ ಒಂದು ವರ್ಷದೊಳಗೆ ಪೊಲೀಸ್ ಠಾಣೆಗೋ ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಬೇಕು ಅಂತ ಆಯ್ತು. ದೇಶದಲ್ಲಿ ಮೂರು ಬಂದೂಕು ಇದ್ದವರೆಲ್ಲ ಒಂದೇ ವರ್ಷದಲ್ಲಿ, ಅದೂ ಕೊರೋನಾ ವರ್ಷದಲ್ಲಿ, ಮಾರೋಕೆ ನಿಂತರೆ ಬೆಲೆ ಏನಾಗುತ್ತೆ? ಅರ್ಥಶಾಸ್ತ್ರಜ್ಞರು ಬೇಡ, ಇಂಡಿಯ ನಿಂಬೆ ಬೆಳೆಗಾರರನ್ನ ಕೇಳಿ. ಎಲ್ಲರ ಗಿಡವೂ ಒಟ್ಟಿಗೆ ಹಣ್ಣು ಬಿಟ್ಟ ವಾರ ಮಾರ್ಕೆಟ್ಟಿನಲ್ಲಿ ಏನಾಗುತ್ತೆ ಅಂತ ಅವರಿಗೆ ಗೊತ್ತು. ಗೌಡರು ಆ ಒಂಟಿನಳಿಗೆಯನ್ನ ಎರಡು ಸಾವಿರಕ್ಕೆ ಕೊಟ್ಟು ಬಂದರಂತೆ. ಬಂದು ಎರಡು ದಿನ ಊಟ ಮಾಡಲಿಲ್ಲವಂತೆ.

ಈಗ ಮಗನ ಮುಂದೆ ಎರಡು ಆಫರ್. ಒಬ್ಬ ಡೀಲರ್, ಯಾವ ಊರು ಯಾರು ಅನ್ನೋದು ಬೇಡ, ಎರಡೂ ಸೇರಿ 28 ಸಾವಿರ ಅಂದಿದ್ದಾನೆ. "ಸರ್, ಇದನ್ನ ಯಾರ್ ತೊಗೊಳ್ತಾರೀಗ, ಹಳೇ ಕಬ್ಬಿಣ" ಅಂತ. ಇನ್ನೊಬ್ಬ ನದಿ ಕಡೆಯಿಂದ ಬಂದವನು. ರಾತ್ರಿ ಬಂದ, ಬುಲೆಟ್ ಗಾಡಿಯಲ್ಲಿ. ರಿವಾಲ್ವರ್ ಒಂದಕ್ಕೇ ಒಂದೂವರೆ ಲಕ್ಷ, ಕ್ಯಾಶ್. ಕಾಗದ ಬೇಡ. ಲೈಸೆನ್ಸಿನ ಲೆಕ್ಕ ಹೇಗೆ ಕೊಡ್ಲಿ ಅಂದರೆ, "ಕಳವಾತು ಅಂತ ಒಂದು ಕಂಪ್ಲೇಂಟ್ ಕೊಟ್ಟುಬಿಡ್ರಿ ಮಾಸ್ತರ, ಯಾರ್ ಕೇಳ್ತಾರ" ಅಂದನಂತೆ.

ಮೇಷ್ಟ್ರು ನನ್ನ ಕೇಳಿದ್ದು ಇಷ್ಟು. "ನ್ಯಾಯವಾದ ರೇಟ್ ಅನ್ನೋದು ಒಂದು ಇರ್ತೈತೇನ್ರೀ ಇದಕ್ಕ? ಒಬ್ಬಾವ ಕಬ್ಬಿಣ ಅಂತಾನ, ಒಬ್ಬಾವ ಬಂಗಾರ ಅಂತಾನ."

ಉತ್ತರ ಕೊಡೋಕೆ ಮುಂಚೆ ನಿಮ್ಮನ್ನ ವಿಜಯಪುರ ಕೋಟೆಯ ಪಶ್ಚಿಮದ ಕಡೆ ಕರ್ಕೊಂಡು ಹೋಗ್ತೀನಿ. ಶೆರ್ಜಾ ಬುರುಜು. ಅದರ ಮೇಲೆ ಮಲಿಕ್-ಎ-ಮೈದಾನ್. ರಣರಂಗದ ಒಡೆಯ. ಶಾಲೆಯ ಪ್ರವಾಸದಲ್ಲಿ ಎಲ್ಲರೂ ಅದರ ಮೇಲೆ ಕೈಯಿಟ್ಟವರೇ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ಹೊಯ್ದವನ ಹೆಸರು ಮುಹಮ್ಮದ್ ಬಿನ್ ಹಸನ್ ರೂಮಿ. ಬಾಯಿ ಸಿಂಹದ ಬಾಯಿ. ತೂಕ 55 ಟನ್ ಅಂತ ಹೇಳ್ತಾರೆ. 1632ರಲ್ಲಿ ಪರಾಂಡಾ ಕೋಟೆಯಿಂದ ಆನೆ, ಎತ್ತು, ನೂರಾರು ಜನ ಸೇರಿ ಅದನ್ನ ಬಿಜಾಪುರಕ್ಕೆ ಎಳೆದು ತಂದರು.

ಈ ತೋಪನ್ನ ಒಮ್ಮೆ ಹರಾಜಿಗೆ ಇಟ್ಟಿದ್ದರು. 1854ರಲ್ಲಿ. ಸಾತಾರಾ ಸಂಸ್ಥಾನ ಇಂಗ್ಲಿಷರ ಕೈಗೆ ಬಂದು ಆರು ವರ್ಷ ಆಗಿತ್ತು, ಬಿಜಾಪುರ ಆಗ ಅದಕ್ಕೆ ಸೇರಿತ್ತು. ಉಪಯೋಗಕ್ಕೆ ಬಾರದ ಸರ್ಕಾರಿ ಸಾಮಾನೆಲ್ಲ ಮಾರಿಬಿಡಿ ಅಂತ ಮೇಲಿಂದ ಆದೇಶ. ಹರಾಜು ಕೂಗಿದರು. ಅತಿ ಹೆಚ್ಚಿನ ಸವಾಲು ಎಷ್ಟು ಗೊತ್ತಾ? 150 ರೂಪಾಯಿ!

ಕೂಗಿದವನದು ತಪ್ಪಲ್ಲ. ಅವನಿಗೆ ಕಂಚಿನ ತೂಕ ಕಾಣ್ತು, ಒಡೆಯೋ ಖರ್ಚು ಕಾಣ್ತು, ಸಾಗಿಸೋ ಖರ್ಚು ಕಾಣ್ತು. ಗುಜರಿಯವನು ಗುಜರಿ ರೇಟು ಕೂಗ್ತಾನೆ. ಆದರೆ ಅಲ್ಲೊಬ್ಬ ಮಾಮಲೇದಾರ ಇದ್ದ. ಈಗಿನ ಲೆಕ್ಕದಲ್ಲಿ ತಹಶೀಲ್ದಾರ್ ಅಂದುಕೊಳ್ಳಿ. ಅವನಿಗೆ ಈ ಮೊತ್ತ ತೀರಾ ಕಡಿಮೆ ಅನ್ನಿಸಿತು, ಜನಕ್ಕೆ ಆ ತೋಪಿನ ಮೇಲಿದ್ದ ಭಕ್ತಿಯೂ ಗೊತ್ತಿತ್ತು. ಮೇಲಧಿಕಾರಿಗೆ ಬರೆದ. ಮಾರಾಟ ರದ್ದಾಯ್ತು. ಅವನು ಆವತ್ತು ಆದೇಶ ಪಾಲಿಸಿ ಸುಮ್ಮನೆ ಸಹಿ ಹಾಕಿದ್ದರೆ, ಇವತ್ತು ಶೆರ್ಜಾ ಬುರುಜಿನ ಮೇಲೆ ಕಲ್ಲಷ್ಟೇ ಇರ್ತಿತ್ತು.

ನಾನು ಮೇಷ್ಟ್ರಿಗೆ ಹೇಳಿದ್ದು ಈ ಕಥೆಯನ್ನೇ. ನಿಮಗೆ 28 ಸಾವಿರ ಅಂದವನು ಹರಾಜಿನಲ್ಲಿ 150 ಕೂಗಿದವನು. ಅವನ ಮೇಲೆ ಸಿಟ್ಟು ಬೇಡ. ನೀವು ಮಾಮಲೇದಾರ ಆಗಿ. ಅರ್ಜೆಂಟ್ ಮಾಡಬೇಡಿ.

ಹಾಗಂತ ಬಂದೂಕನ್ನ ಮನೆಯಲ್ಲಿಟ್ಟುಕೊಂಡು ಕಾಯಿರಿ ಅಂತ ಅಲ್ಲ! ಇಲ್ಲೇ ಬಹಳ ಜನ ಎಡವೋದು. ಲೈಸೆನ್ಸ್ ಗೌಡರ ಹೆಸರಲ್ಲಿತ್ತು. ಗೌಡರು ಹೋದ ಮೇಲೆ ಆ ಬಂದೂಕು ಮನೆಯಲ್ಲಿರೋದೇ ಕಾನೂನಿಗೆ ವಿರುದ್ಧ. ನಾಲ್ಕು ತಿಂಗಳು ಆ ಮನೆಯವರಿಗೆ ಇದು ಹೊಳೆದೇ ಇಲ್ಲ. ದಿನಕರ್ಮ, ಆಸ್ತಿ ಕಾಗದ, ಬ್ಯಾಂಕು ಅಂತ ಓಡಾಡಿದ್ದಾರೆ. ಬೀರುವಿನಲ್ಲಿ ರಿವಾಲ್ವರ್ ಕೂತಿದೆ. ಶಸ್ತ್ರಾಸ್ತ್ರ ಕಾಯ್ದೆ 1959ರ 21ನೇ ಕಲಂ ಹೇಳೋದು ಸ್ಪಷ್ಟ. ಹಕ್ಕು ತಪ್ಪಿದ ಮೇಲೆ ವಿನಾಕಾರಣ ತಡ ಮಾಡದೆ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಬಳಿ ಠೇವಣಿ ಇಡಬೇಕು.

ಠಾಣೆಗೆ ಕೊಟ್ಟರೆ ಬಂದೂಕು ಹೋಯ್ತು ಅಂತ ಹಳ್ಳಿ ಕಡೆ ಒಂದು ನಂಬಿಕೆ ಇದೆ. ಆ ಭಯಕ್ಕೇ ಎಷ್ಟೋ ಜನ ಸಿಕ್ಕ ರೇಟಿಗೆ ಕೊಟ್ಟು ಕೈತೊಳ್ಕೊಳ್ತಾರೆ. ಅದು ತಪ್ಪು. ಅದೇ 21ನೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಠೇವಣಿ ಇಟ್ಟವನು, ಅವನು ಸತ್ತಿದ್ದರೆ ಅವನ ವಾರಸುದಾರ, ಆ ಬಂದೂಕನ್ನ ಅರ್ಹನಾದ ಇನ್ನೊಬ್ಬರಿಗೆ ಮಾರಬಹುದು, ಮಾರಿಸಬಹುದು. ಬಂದ ಹಣ ನಿಮ್ಮದೇ. ಸರ್ಕಾರದ್ದಲ್ಲ. ಆದರೆ ಅದಕ್ಕೊಂದು ಅವಧಿ ಇದೆ. ಆ ಅವಧಿ ಮೀರಿದರೆ ಜಿಲ್ಲಾಧಿಕಾರಿ ಮುಟ್ಟುಗೋಲು ಹಾಕಬಹುದು, ಆಗ ನಿಜಕ್ಕೂ ಹೋಯ್ತು. ಆದ್ದರಿಂದ ಠೇವಣಿ ಇಡುವಾಗಲೇ ಕೇಳಿ, ಎಷ್ಟು ದಿನ ಅಂತ. ರಸೀದಿ ತಗೊಳ್ಳಿ. ರಸೀದಿಯಲ್ಲಿ ತಯಾರಕರ ಹೆಸರು, ನಂಬರು, ಬೋರು, ಈಗಿನ ಸ್ಥಿತಿ ಎಲ್ಲ ಬರೆಸಿ. ಫೋಟೋ ತೆಗೆದಿಟ್ಟುಕೊಳ್ಳಿ. ಚುನಾವಣೆ ಬಂದಾಗ ಠಾಣೆಯಲ್ಲಿ ಬಂದೂಕು ಇಟ್ಟವರಿಗೆ ಇದು ಗೊತ್ತಿದೆ. ಕೊಡುವಾಗ ಫಳಫಳ, ವಾಪಸ್ ತರುವಾಗ ನಳಿಗೆಯೊಳಗೆ ತುಕ್ಕು. ಆ ತುಕ್ಕಿನ ಒಂದೊಂದು ಚುಕ್ಕೆಗೂ ಮಾರುವಾಗ ಸಾವಿರದ ಲೆಕ್ಕದಲ್ಲಿ ಕಟ್.

ಇನ್ನು ಮಾರಾಟ. ಡೀಲರಿಗೇ ಮಾರಬೇಕು ಅಂತ ಎಲ್ಲೂ ಇಲ್ಲ. ಲೈಸೆನ್ಸ್ ಇರುವ ಒಬ್ಬ ಖಾಸಗಿ ಮನುಷ್ಯ ಲೈಸೆನ್ಸ್ ಇರುವ ಇನ್ನೊಬ್ಬನಿಗೆ ನೇರವಾಗಿ ಮಾರಬಹುದು. ಇದು 5ನೇ ಕಲಂ. ಷರತ್ತು ಎರಡು. ಯಾರಿಗೆ ಮಾರ್ತೀನಿ ಅಂತ ಹೆಸರು, ವಿಳಾಸ ಹಾಕಿ ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಮೊದಲೇ ಬರೆದು ಕೊಡಬೇಕು. ಕೊಟ್ಟ ಮೇಲೆ 45 ದಿನ ಕಳೀಬೇಕು. ಈ 45 ದಿನ ಅಂದರೆ ಜನಕ್ಕೆ ಬೇಜಾರು. ನನ್ನ ಕೇಳಿದರೆ ಕಾನೂನು ಮಾರುವವನಿಗೆ ಮಾಡಿದ ದೊಡ್ಡ ಉಪಕಾರ ಇದೇ. ಇವತ್ತೇ ಕೊಡಿ, ಈಗಲೇ ಕೊಡಿ ಅಂತ ಯಾವನೂ ನಿಮ್ಮನ್ನ ಒತ್ತಾಯ ಮಾಡೋ ಹಾಗಿಲ್ಲ. ಹಾಗೆ ಒತ್ತಾಯ ಮಾಡ್ತಿದ್ದಾನೆ ಅಂದರೆ ಅವನ ಹತ್ತಿರ ಲೈಸೆನ್ಸ್ ಇಲ್ಲ.

ಮೇಷ್ಟ್ರ ವಿಷಯದಲ್ಲಿ ಇನ್ನೊಂದು ತೊಡಕು. ಮೂವರು ಮಕ್ಕಳು. ಒಬ್ಬ ಮಾರೋಕೆ ಹೊರಟರೆ ಉಳಿದಿಬ್ಬರ ಒಪ್ಪಿಗೆ ಬರವಣಿಗೆಯಲ್ಲಿ ಬೇಕು. ತಮ್ಮನಿಗೆ ದುಡ್ಡು ಬೇಕು, ಬೇಗ ಬೇಕು. ಮುದ್ದೇಬಿಹಾಳದ ತಂಗಿ ಮಾತ್ರ ಸಹಿ ಹಾಕಲ್ಲ ಅಂದಿದ್ದಳು. "ಅಪ್ಪನ ಜೋಡುನಳಿಗಿ ಮಾರೂದಾದ್ರ ನನ್ನ ಕೇಳಬ್ಯಾಡ್ರಿ" ಅಂತ. ಆಕೆಗೆ ಬಂದೂಕು ಬೇಕಿರಲಿಲ್ಲ. ಸಣ್ಣವಳಿದ್ದಾಗ ಅಪ್ಪ ಅದರ ನಳಿಗೆಗೆ ಎಣ್ಣೆ ಹಚ್ಚುವಾಗ ಬಟ್ಟೆ ಹಿಡಿದುಕೊಂಡು ನಿಲ್ಲುತ್ತಿದ್ದದ್ದು ಈಕೆಯೇ ಅಂತೆ. ಇಂಥದ್ದಕ್ಕೆ ಯಾವ ಡೀಲರೂ ರೇಟು ಹಾಕಲ್ಲ.

ಇದನ್ನ ನೋಡ್ತಿರುವ ಹಿರಿಯರಿಗೆ ಒಂದು ಮಾತು. ನಿಮ್ಮ ಮಕ್ಕಳನ್ನ ಈ ಸ್ಥಿತಿಗೆ ತರಬೇಡಿ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅವಕಾಶ ಇದೆ. ನಿಮಗೆ 70 ವರ್ಷ ಆಗಿದ್ದರೆ, ಅಥವಾ ಆ ಬಂದೂಕು ನಿಮ್ಮ ಬಳಿ 25 ವರ್ಷ ಇದ್ದರೆ, ನೀವು ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಲೈಸೆನ್ಸಿಗೆ ಅರ್ಜಿ ಹಾಕಿಸಬಹುದು. ಮಕ್ಕಳಿಗೆ ಬೇಡವಾದರೆ ನೀವೇ ಮಾರಿ. ಆ ಬಂದೂಕು ಎಲ್ಲಿ ಕೊಂಡದ್ದು, ಯಾವ ವರ್ಷ, ಯಾವಾಗ ರಿಪೇರಿ ಮಾಡಿಸಿದ್ದು ಅಂತ ಹೇಳಬಲ್ಲವರು ನೀವೊಬ್ಬರೇ. ನೀವು ಹೋದ ಮರುದಿನದಿಂದ ಅದು "ಹಳೇ ಕಬ್ಬಿಣ".

ಸರಿ, ರೇಟಿಗೆ ಬರೋಣ. ಬೆಲೆ ಎಲ್ಲಿಂದ ಬರುತ್ತೆ?

ನಮ್ಮ ದೇಶದಲ್ಲಿ ಸಾಮಾನ್ಯ ಜನ ವಿದೇಶಿ ಬಂದೂಕು ತರಿಸೋದಕ್ಕೆ 1980ರ ದಶಕದ ಮಧ್ಯದಲ್ಲೇ ಬಾಗಿಲು ಬಿತ್ತು. ಅದಕ್ಕೂ ಮೊದಲು ಬಂದದ್ದು ಎಷ್ಟಿದೆಯೋ ಅಷ್ಟೇ, ಹೊಸದಾಗಿ ಬರಲ್ಲ. ಆದ್ದರಿಂದ ಒಳ್ಳೇ ಸ್ಥಿತಿಯಲ್ಲಿರುವ ಹಳೇ ವೆಬ್ಲಿ, ಕೋಲ್ಟ್, ವಾಲ್ಥರ್ ರಿವಾಲ್ವರು ಪಿಸ್ತೂಲುಗಳಿಗೆ ಇಲ್ಲಿ ಸಿಗುವ ಬೆಲೆ ಅವು ಹುಟ್ಟಿದ ದೇಶದಲ್ಲೂ ಸಿಗಲ್ಲ. ಲಕ್ಷಗಳ ಮಾತು. ಮೇಷ್ಟ್ರ ಡೀಲರ್ ಇದನ್ನ ಮುಚ್ಚಿಟ್ಟಿದ್ದ. ಇನ್ನೊಂದು ಕಡೆಯ ಮಾತನ್ನೂ ಹೇಳಿಬಿಡ್ತೀನಿ. ವೆಬ್ಲಿ ಕಂಪನಿ ಈಚೆಗೆ ಉತ್ತರ ಪ್ರದೇಶದ ಹರದೋಯಿಯಲ್ಲೇ ರಿವಾಲ್ವರ್ ತಯಾರಿಕೆ ಶುರು ಮಾಡಿದೆ. ಹೆಸರು ನೋಡಿ ಮೋಸ ಹೋಗುವ ಖರೀದಿದಾರ ಇನ್ನು ಸಿಗಲ್ಲ, ಯಾವ ವೆಬ್ಲಿ, ಎಲ್ಲಿಯದು ಅಂತ ಕೇಳ್ತಾನೆ.

ಹನ್ನೆರಡು ಬೋರಿನ ನಳಿಗೆ ಬಂದೂಕಿನ ಲೆಕ್ಕ ಬೇರೆ. ಅದನ್ನ ಮಡಚಿ, ನಳಿಗೆಯ ಕೆಳಭಾಗ ನೋಡಿ. ಸಣ್ಣ ಸಣ್ಣ ಮುದ್ರೆಗಳಿರ್ತವೆ. ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್‌ನಲ್ಲಿ ಗುಂಡು ಹಾರಿಸಿ ಪರೀಕ್ಷೆ ಮಾಡಿದ ಗುರುತು. ಬೆಲ್ಜಿಯಂನದಾದರೆ ಲಿಯೇಜ್ ಊರಿನ ಮುದ್ರೆ. ಎಷ್ಟೋ ಮನೆಗಳಲ್ಲಿ ಇಂಗ್ಲೆಂಡಿನದು ಅಂತ ಪೂಜೆ ಮಾಡ್ತಿರೋದು ಬೆಲ್ಜಿಯಂನದು, ಬೆಲೆಯಲ್ಲಿ ಅಜಗಜಾಂತರ. ಆಮೇಲೆ ತೋಟಾ ಕೂರುವ ಕೋಣೆಯ ಉದ್ದ. ಹಳೇ ಇಂಗ್ಲಿಷ್ ಬಂದೂಕು ಬಹಳಷ್ಟು ಎರಡೂವರೆ ಇಂಚಿನವು. ಈಗಿನ ತೋಟಾ ಎರಡೂ ಮುಕ್ಕಾಲು. ಹಾಕಿ ಹೊಡೆಯೋದು ಅಪಾಯ, ಅದು ಬೆಲೆಗೂ ಪೆಟ್ಟು. ನಳಿಗೆಯ ಮೇಲೆ ನೀರಲೆಯ ಥರ ಚಿತ್ತಾರ ಇದ್ದರೆ ಅದು ಡಮಾಸ್ಕಸ್ ನಳಿಗೆ. ನೋಡೋಕೆ ರೇಷ್ಮೆ ಸೀರೆ. ಆದರೆ ಅದು ಕರಿಮದ್ದಿನ ಕಾಲದ್ದು, ಇವತ್ತಿನ ತೋಟಾ ಅದಕ್ಕೆ ಸಲ್ಲ. ಸಂಗ್ರಹಕಾರನಿಗೆ ಇಷ್ಟ, ಬೆಳೆ ಕಾಯುವ ರೈತನಿಗೆ ಬೇಡ. ಅಂದರೆ ಒಂದೇ ಬಂದೂಕಿಗೆ ಇಬ್ಬರು ಖರೀದಿದಾರರು ಇಬ್ಬಗೆಯ ಬೆಲೆ ಹೇಳ್ತಾರೆ, ಇಬ್ಬರೂ ಪ್ರಾಮಾಣಿಕರೇ ಆಗಿರಬಹುದು.

ಒಂದು ಕೆಲಸ ಮಾತ್ರ ಮಾಡಬೇಡಿ. ಮಾರುವ ಮುಂಚೆ ಪಾಲಿಶ್ ಹೊಡೆಸಬೇಡಿ. ಮದುವೆಗೆ ಮನೆಗೆ ಸುಣ್ಣ ಹೊಡೆಸಿದ ಹಾಗೆ ಬಂದೂಕಿಗೆ ಹೊಸ ಬಣ್ಣ, ಮರಕ್ಕೆ ವಾರ್ನಿಶ್ ಹಾಕಿಸ್ತಾರೆ. ಮೂಲ ಬಣ್ಣ ಹೋಯ್ತು, ಅಕ್ಷರ ಸವೀತು, ಅಲ್ಲಿಗೆ ಅರ್ಧ ಬೆಲೆ. ಎಣ್ಣೆ ಹಚ್ಚಿ ಬಿಡಿ, ಸಾಕು. ಮೂಲ ಪೆಟ್ಟಿಗೆ ಇದ್ದರೆ, ಸ್ವಚ್ಛ ಮಾಡುವ ಕಡ್ಡಿ ಇದ್ದರೆ, ಕೊಂಡ ಕಾಲದ ಬಿಲ್ ಇದ್ದರೆ ಹುಡುಕಿ. ಅಟ್ಟ ಹತ್ತಿ.

ಇಂಡಿಯವರಿಗೆ ವಿಶೇಷವಾಗಿ ಹೇಳಬೇಕಾದದ್ದು ಒಂದಿದೆ. ನಿಮಗೆ ಸೊಲ್ಲಾಪುರ ಹತ್ತಿರ. ಆಸ್ಪತ್ರೆಗೂ ಅಲ್ಲಿ, ಮದುವೆ ಬಟ್ಟೆಗೂ ಅಲ್ಲಿ. ಬಂದೂಕನ್ನೂ ಒಮ್ಮೆ ತೋರಿಸಿಕೊಂಡು ಬರೋಣ ಅಂತ ಬಸ್ ಹತ್ತಬೇಡಿ. ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ ಅಂತಿದ್ದರೆ ಗಡಿ ದಾಟಿದ ಕ್ಷಣ ನೀವು ಆರೋಪಿ. ಫೋಟೋ ಕಳಿಸಿ. ಮುದ್ರೆಗಳ ಫೋಟೋ, ನಳಿಗೆಯ ಒಳಗಿನ ಫೋಟೋ. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ಮೂರು ಕಡೆ ಕೇಳಿ. ಡೀಲರಿಗೆ ಪೂರ್ತಿ ಮಾರುವ ಬದಲು ಅವರ ಅಂಗಡಿಯಲ್ಲಿಟ್ಟು, ಮಾರಿದಾಗ ಕಮಿಷನ್ ಕೊಡ್ತೀನಿ ಅನ್ನಿ. ಒಳ್ಳೇ ಡೀಲರುಗಳು ಒಪ್ತಾರೆ. ಅವರಿಗೂ ಬಾಡಿಗೆ ಇದೆ, ಭದ್ರತೆ ಖರ್ಚಿದೆ, ವರ್ಷಗಟ್ಟಲೆ ಮಾರಾಟ ಆಗದ ಮಾಲಿದೆ. ಅವರು ಲಾಭ ಇಟ್ಟುಕೊಳ್ಳೋದು ಅನ್ಯಾಯ ಅಲ್ಲ. ನಿಮ್ಮ ಅಜ್ಞಾನವನ್ನೇ ಲಾಭ ಮಾಡಿಕೊಳ್ಳೋದು ಅನ್ಯಾಯ.

ಮನೆಯಲ್ಲಿ .303 ರೈಫಲ್ಲೋ 9 ಎಂ.ಎಂ. ಪಿಸ್ತೂಲೋ ಇದ್ದರೆ ಆಸೆ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಅವು ನಿಷೇಧಿತ ಬೋರು, ಲೈಸೆನ್ಸಿಗೆ ದೆಹಲಿಯ ಗೃಹ ಇಲಾಖೆವರೆಗೂ ಹೋಗಬೇಕು. ಕೊಳ್ಳಲು ಅರ್ಹರಾದವರು ಬೆರಳೆಣಿಕೆ, ಬೆಲೆಯೂ ಹಾಗೇ.

ಗೋಡೆಯ ಮೇಲಿನ ಕೋವಿ ಉಳೀತು. ಮೇಷ್ಟ್ರ ಪ್ರಕಾರ ಅದಕ್ಕೆ ಬೆಲೆಯೇ ಇಲ್ಲ, ಗುಜರಿಯವನು ಕೆ.ಜಿ. ಲೆಕ್ಕ ಹೇಳಿದ್ದ. ನಾನು ಅವರಿಗೆ ಇಂಗ್ಲೆಂಡಿನ ಎರಡು ಸುದ್ದಿ ಹೇಳಿದೆ. 2015ರಲ್ಲಿ ಬಾನಮ್ಸ್ ಹರಾಜಿನಲ್ಲಿ ಟಿಪ್ಪುವಿನ ಕಾಲದ ಒಂದು ಸಣ್ಣ ಕಂಚಿನ ತೋಪು ಬಂತು. 60 ಸಾವಿರ ಪೌಂಡ್ ದಾಟಲ್ಲ ಅಂತ ಅವರ ಅಂದಾಜು, ಹೋದದ್ದು 14 ಲಕ್ಷ ಪೌಂಡಿಗೂ ಹೆಚ್ಚು. 2019ರಲ್ಲಿ ಬರ್ಕ್‌ಷೈರ್‌ನ ಒಂದು ಮನೆಯ ಅಟ್ಟದ ಮೇಲೆ ಸಿಕ್ಕ ಟಿಪ್ಪು ಕಾಲದ ಬಂದೂಕು 60 ಸಾವಿರ ಪೌಂಡಿಗೆ ಹೋಯ್ತು. ಅಟ್ಟದ ಮೇಲೆ ಗುಜರಿ ಥರ ಬಿದ್ದಿತ್ತು! ಅದಕ್ಕೆ ಅಷ್ಟು ಬೆಲೆ ಬಂದದ್ದು ಬೆಳ್ಳಿ ಕುಸುರಿಗಷ್ಟೇ ಅಲ್ಲ. ಈಸ್ಟ್ ಇಂಡಿಯಾ ಕಂಪನಿಯ ಒಬ್ಬ ಮೇಜರ್ ಅದನ್ನ ಶ್ರೀರಂಗಪಟ್ಟಣದಿಂದ ತಂದದ್ದು, ಅವನ ಕುಟುಂಬದಲ್ಲೇ ಉಳಿದದ್ದು ಅಂತ ತಲೆಮಾರಿನ ಲೆಕ್ಕ ಇತ್ತು. ನಮ್ಮಿಂದ ಹೊತ್ತುಕೊಂಡು ಹೋದವರು ಲೆಕ್ಕವನ್ನ ಜೋಪಾನ ಮಾಡಿದರು. ನಮ್ಮ ವಾಡೆಗಳಲ್ಲಿ ವಸ್ತು ಉಳೀತು, ಲೆಕ್ಕ ಹೋಯ್ತು.

ಆಸೆ ಹುಟ್ಟಿಸ್ತಿದ್ದೀನಿ ಅಂದುಕೊಳ್ಳಬೇಡಿ. ಇಂಡಿಯ ಕೋವಿಗೆ ಲಂಡನ್ ಬೆಲೆ ಬರಲ್ಲ. ನೂರು ವರ್ಷ ದಾಟಿದ ಇಂಥ ವಸ್ತುವನ್ನ ಖಾಸಗಿ ಮನುಷ್ಯ ಹೊರದೇಶಕ್ಕೆ ಕಳಿಸೋದು 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಅಪರಾಧ. ಒಳಗಡೆಯೂ ಅದರ ವ್ಯಾಪಾರಕ್ಕೆ ಬೇರೆ ಲೈಸೆನ್ಸ್ ಬೇಕು. ಇಟ್ಟುಕೊಳ್ಳೋದಾದರೆ ದಾರಿ ಸುಲಭ ಆಗಿದೆ. 2020ರ ಫೆಬ್ರುವರಿಯ ನಿಯಮ ತಿದ್ದುಪಡಿ ಪ್ರಕಾರ ಪುರಾತನ ಅಪರೂಪದ ವಸ್ತು ಅನ್ನೋ ವರ್ಗಕ್ಕೆ ಸೇರುವ ಬಂದೂಕನ್ನ ಮನೆಯಲ್ಲಿಡೋಕೆ ಲೈಸೆನ್ಸ್ ಬೇಡ. ಹೊತ್ತು ತಿರುಗೋಕೆ, ಹೊಡೆಯೋಕೆ ಬೇಕು. ಆದರೆ ನಿಮ್ಮದು ಆ ವರ್ಗಕ್ಕೆ ಸೇರುತ್ತೆ ಅಂತ ನೀವೇ ತೀರ್ಮಾನ ಮಾಡಬೇಡಿ, ಜಿಲ್ಲಾಧಿಕಾರಿ ಕಚೇರಿಯಿಂದ ಬರೆಸಿಕೊಳ್ಳಿ. ಕೆ.ಜಿ. ಲೆಕ್ಕಕ್ಕೆ ಕೊಡೋ ಹಾಗಿದ್ದರೆ, ಗೋಳಗುಮ್ಮಟದ ಮುಂದೆ ನಗಾರಖಾನೆಯಲ್ಲಿ ಮ್ಯೂಸಿಯಂ ಇದೆ, ಒಮ್ಮೆ ಹೋಗಿ ಕೇಳಿ.

ಈಗ ಬುಲೆಟ್ ಗಾಡಿಯವನ ಒಂದೂವರೆ ಲಕ್ಷ. ಇದನ್ನ ನಾನು ಹಗುರವಾಗಿ ಹೇಳಲ್ಲ. ಆ ಜಿಲ್ಲೆಯಲ್ಲಿ ಒಂದೂವರೆ ಲಕ್ಷ ಅಂದರೆ ಏನು ಅಂತ ಗೊತ್ತು. ಒಂದು ಬೋರ್‌ವೆಲ್. ಮಗಳ ಕಾಲೇಜು ಫೀಸು. ಆಲಮಟ್ಟಿ ಹಿನ್ನೀರಿಗೆ ಹೊಲ ಮನೆ ಕೊಟ್ಟು, ಸರ್ಕಾರ ಹಾಕಿದ ರೇಟು ಸಾಲದು ಅಂತ ವರ್ಷಗಟ್ಟಲೆ ಕೋರ್ಟು ಅಲೆದ ಜನ ಬಾಗೇವಾಡಿ, ಮುದ್ದೇಬಿಹಾಳ ಕಡೆ ಎಷ್ಟಿದ್ದಾರೆ! ಕಾಗದದ ದಾರಿ ಹಿಡಿದವನಿಗೆ ಕಡಿಮೆ ಸಿಗುತ್ತೆ ಅನ್ನೋ ಅನುಭವ ಅವರಿಗೆ ಪುಸ್ತಕ ಓದಿ ಬಂದದ್ದಲ್ಲ. ಅಂಥವರ ಮುಂದೆ ನಿಂತು, ಕಾನೂನು ಪ್ರಕಾರ ಮಾರಿ ಅಂತ ಬೆಂಗಳೂರಿನ ಸ್ಟುಡಿಯೋದಲ್ಲಿ ಎಸಿ ಹಾಕಿಕೊಂಡು ಹೇಳೋದು ಸುಲಭ.

ಆದರೂ ಹೇಳ್ತೀನಿ. ಮಧ್ಯಪ್ರದೇಶದಿಂದ ಬರುವ ನಾಡ ಪಿಸ್ತೂಲು ಅದಕ್ಕಿಂತ ಎಷ್ಟೋ ಅಗ್ಗಕ್ಕೆ ಸಿಗುವಾಗ ಅವನು ನಿಮ್ಮ ವೆಬ್ಲಿಗೆ ಒಂದೂವರೆ ಲಕ್ಷ ಯಾಕೆ ಕೊಡ್ತಾನೆ? ಅದು ಕೈ ಕೊಡಲ್ಲ ಅಂತ. ಅದರಿಂದ ಅವನು ಏನು ಮಾಡ್ತಾನೆ ಅನ್ನೋದು ಅವನಿಗೆ ಬಿಟ್ಟದ್ದು, ಆದರೆ ಅದರ ಮೈಮೇಲೆ ನಂಬರಿದೆ. ಆ ನಂಬರು ಜಿಲ್ಲಾಧಿಕಾರಿ ಕಚೇರಿಯ ಪುಸ್ತಕದಲ್ಲಿದೆ, ನಿಮ್ಮ ತಂದೆಯ ಹೆಸರಿನ ಮುಂದೆ. ಎಲ್ಲೋ ಒಂದು ಹೆಣ ಬಿದ್ದ ದಿನ ಪೊಲೀಸರು ಮೊದಲು ಬರೋದು ಮೇಷ್ಟ್ರ ಮನೆಗೆ. ಕಾನೂನು ಮೀರಿ ಬಂದೂಕು ಮಾರಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಸುಳ್ಳು ಕಳವಿನ ದೂರು ಅದರ ಮೇಲೊಂದು ಕೇಸು. ಆಮೇಲೆ ನಾವು ಚಾನೆಲ್‌ನವರು ಇದ್ದೇ ಇದ್ದೀವಲ್ಲ. "ಭೀಮಾತೀರಕ್ಕೆ ಪಿಸ್ತೂಲು ಕೊಟ್ಟ ಮೇಷ್ಟ್ರು" ಅಂತ ಬೆಳಗಿಂದ ರಾತ್ರಿವರೆಗೂ ಓಡಿಸ್ತೀವಿ. ನಲವತ್ತು ವರ್ಷ ಮಗ್ಗಿ ಹೇಳಿಕೊಟ್ಟದ್ದು ಯಾರಿಗೂ ನೆನಪಿರಲ್ಲ.

ಇದನ್ನೆಲ್ಲ ಹೇಳಿ ಬಂದೆ. ಮೇಷ್ಟ್ರು ಮಾರನೇ ದಿನವೇ ಠಾಣೆಗೆ ಹೋದರಂತೆ. ನಾಲ್ಕು ತಿಂಗಳು ತಡ ಯಾಕೆ ಅಂತ ಬೈಸಿಕೊಂಡರಂತೆ. ಮರಣ ಪ್ರಮಾಣಪತ್ರ ತೋರಿಸಿ, ತಪ್ಪಾತು ಅಂದು, ರಸೀದಿ ಬರೆಸಿಕೊಂಡು ಬಂದರು. ಬುಲೆಟ್ ಗಾಡಿ ಇನ್ನೊಮ್ಮೆ ಬಂತು. ಠಾಣೆಯೊಳಗದ ಅಂದ ಮೇಲೆ ಚಹಾನೂ ಕುಡೀದೆ ಹೋಯ್ತು.

ಮೊನ್ನೆ ಫೋನ್ ಮಾಡಿದ್ದರು. ವೆಬ್ಲಿಯ ಫೋಟೋ ನೋಡಿ ಬೆಂಗಳೂರಿನ ಒಬ್ಬ ಡೀಲರ್ 1 ಲಕ್ಷ 20 ಸಾವಿರ ಅಂದಿದ್ದಾರೆ, ನೋಡಿದ ಮೇಲೆ ಇನ್ನೂ ಮಾತಾಡೋಣ ಅಂತ. ಬುಲೆಟ್ ಗಾಡಿಯವನಿಗಿಂತ 30 ಸಾವಿರ ಕಡಿಮೆ. "ತಮ್ಮ ದಿನಾ ಆ ಮೂವತ್ತು ಸಾವಿರದ್ದ ಮಾತಾಡ್ತಾನ್ರೀ" ಅಂದರು. ಜೋಡುನಳಿಗೆಗೆ ಸಿಂದಗಿ ತಾಲ್ಲೂಕಿನ ಒಬ್ಬ ರೈತ ಬಂದಿದ್ದಾನೆ. ಕಾಡುಹಂದಿ ಕಾಟಕ್ಕೆ ಲೈಸೆನ್ಸ್ ಮಾಡಿಸಿಕೊಂಡವನು. ಮುದ್ರೆ ನೋಡಲಿಲ್ಲ, ಹೆಗಲಿಗೆ ಹಿಡಿದು ನೋಡಿದ, 55 ಸಾವಿರ ಅಂದ. ತಂಗಿ ಕೊನೆಗೆ ಸಹಿ ಹಾಕಿದ್ದಾಳೆ. ಒಂದು ಷರತ್ತಿನ ಮೇಲೆ. ಕೊಡೋ ದಿನ ತಾನು ಬರಬೇಕು, ಒಂದು ಸಲ ತಾನೇ ಎಣ್ಣೆ ಹಚ್ಚಿ ಕೊಡಬೇಕು.

ಠಾಣೆಗೆ ಪತ್ರ ಕೊಟ್ಟು ಇವತ್ತಿಗೆ ಮೂವತ್ತೊಂದನೇ ದಿನ. ಇನ್ನು ಹದಿನಾಲ್ಕು ದಿನ ಇದೆ.